ಐದು ಜನ ಕುಳಿತ ಚಿಕ್ಕ ಕಾರು ಆಗುಂಬೆ ಇಳಿದು ಶಿರಾಡಿ ಹತ್ತೀತೇ?

ಪ್ರಶ್ನೆ: ನಾನು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮದು 2018ರ ಮಾಡೆಲ್‌ನ, 1.2 ಲೀಟರ್ ಪೆಟ್ರೋಲ್ ಎಂಜಿನ್‌ನ, ಮ್ಯಾನ್ಯುಯಲ್ ಗೇರಿನ ಹ್ಯಾಚ್‌ಬ್ಯಾಕ್ ಕಾರು. ಹೆಚ್ಚಾಗಿ ಊರೊಳಗಿನ ಓಡಾಟಕ್ಕೇ ಬಳಸಿರುವುದರಿಂದ ಇದುವರೆಗೆ 38,000 ಕಿ.ಮೀ. ಮಾತ್ರ ಓಡಿದೆ. ಡಿಸೆಂಬರ್ ರಜೆಯಲ್ಲಿ ನಾನು, ನಮ್ಮ ಯಜಮಾನರು, 14 ವರ್ಷದ ಮಗಳು ಮತ್ತು 70 ದಾಟಿದ ಅತ್ತೆ, ಮಾವ ಸೇರಿ ಎಂಟು ದಿನದ ಪ್ರವಾಸ ಹೊರಡಬೇಕೆಂದಿದ್ದೇವೆ. ಬೇಲೂರಿನ ಮೇಲೆ ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಶೃಂಗೇರಿ, ಆಗುಂಬೆ, ಉಡುಪಿ, ಮುರುಡೇಶ್ವರ, ಗೋಕರ್ಣ ನೋಡಿಕೊಂಡು ಮಂಗಳೂರು, ಶಿರಾಡಿ ಘಾಟಿ, ಸಕಲೇಶಪುರದ ಮೂಲಕ ಹಿಂತಿರುಗುವುದು ನಮ್ಮ ಯೋಜನೆ. ಎರಡು ವರ್ಷದ ಹಿಂದೆ ಮುಳ್ಳಯ್ಯನಗಿರಿ ಹತ್ತುವಾಗ ಕಾರು ಎಳೆಯಲಾರದೆ ನಿಂತು, ಸುಟ್ಟ ವಾಸನೆ ಬಂದಿತ್ತು. ನಮ್ಮ ಅಣ್ಣ, 'ಇಂಥ ಚಿಕ್ಕ ಎಂಜಿನ್ ಘಾಟಿಯಲ್ಲಿ ಕಾದು ಕೈಕೊಡುತ್ತದೆ, ಸುಮ್ಮನೆ ಇನ್ನೋವಾ ಬಾಡಿಗೆಗೆ ಮಾಡಿಕೊಳ್ಳಿ' ಎನ್ನುತ್ತಾರೆ. ಏರುವಾಗ ಎ.ಸಿ. ಆಫ್ ಮಾಡಬೇಕು, ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ, ಟಯರಿಗೆ ನೈಟ್ರೋಜನ್ ತುಂಬಿಸಬೇಕು ಎಂದೆಲ್ಲ ಸಲಹೆಗಳು ಬರುತ್ತಿವೆ. ಟಯರ್‌ಗಳು ಕಾರಿನ ಜೊತೆ ಬಂದವೇ ಆದರೂ ಗ್ರಿಪ್ ಚೆನ್ನಾಗಿದೆ. ಆಯಿಲ್ ಸರ್ವಿಸ್ ಪ್ರತಿ ವರ್ಷ ಆಗಿದೆ. ಬ್ರೇಕ್ ಆಯಿಲ್ ಬದಲಿಸಿಲ್ಲ, ಒಮ್ಮೆ ಕಡಿಮೆಯಾಗಿದ್ದಾಗ ತುಂಬಿಸಿದ್ದಾರೆ. ಮೇಲೆ ಕ್ಯಾರಿಯರ್ ಹಾಕಿಸಿ ಲಗೇಜು ಇಡಬಹುದೇ? ಈ ಕಾರಿನಲ್ಲಿ ಹೋಗುವುದು ಸುರಕ್ಷಿತವೇ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಭಾಗ ಎಂಜಿನ್‌ನ ಬಗ್ಗೆ ಇದೆ. ಈ ಕಾರು ಐದು ಜನರನ್ನು ಹೊತ್ತು ಘಾಟಿ ಹತ್ತಬಲ್ಲದೇ ಎಂಬುದು ನಿಮ್ಮ ಆತಂಕ. ಘಾಟಿ ರಸ್ತೆಗಳಲ್ಲಿ ಓಡಿ ಬಂದ ಕಾರುಗಳನ್ನು ರಿಪೇರಿ ಮಾಡುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಆತಂಕ ಹುಟ್ಟಿಸಿದ್ದು ಪತ್ರದ ಕೊನೆಯಲ್ಲಿ ನೀವು ಸಹಜವಾಗಿ ಹೇಳಿ ಮುಗಿಸಿದ ಎರಡು ವಿಷಯಗಳು: ಕಾರಿನ ಜೊತೆ ಬಂದ ಟಯರ್‌ಗಳು ಮತ್ತು ಬದಲಿಸದ ಬ್ರೇಕ್ ಆಯಿಲ್. ನಿಮ್ಮ ಕಾರು ಹತ್ತುತ್ತದೆ, ಅದರಲ್ಲಿ ಸಂಶಯವಿಲ್ಲ. ಈಗಿರುವ ಸ್ಥಿತಿಯಲ್ಲಿ ಅದನ್ನು ಆಗುಂಬೆ ಇಳಿಸುವುದಕ್ಕೆ ಮಾತ್ರ ನಾನು ಒಪ್ಪಲಾರೆ.

ಮೊದಲು ಎಂಜಿನ್‌ನ ವಿಷಯ ಇತ್ಯರ್ಥವಾಗಲಿ. ಐದು ಜನ ಮತ್ತು ಲಗೇಜು ಸೇರಿ ನಿಮ್ಮ ಕಾರಿನ ಒಟ್ಟು ತೂಕ ಸುಮಾರು 1,300 ಕೆ.ಜಿ. ಎಂದಿಟ್ಟುಕೊಳ್ಳೋಣ. ನೂರು ಮೀಟರ್ ಸಾಗುವಷ್ಟರಲ್ಲಿ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಷ್ಟು ತೂಕವನ್ನು ಎಳೆಯಲು ಬೇಕಾಗುವುದು ಸುಮಾರು 14 ಎಚ್‌ಪಿ. ಇಂಥ 1.2 ಲೀಟರ್ ಎಂಜಿನ್‌ಗಳ ಗರಿಷ್ಠ ಸಾಮರ್ಥ್ಯ 80 ಎಚ್‌ಪಿಗಿಂತ ಹೆಚ್ಚೇ ಇರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದು ನಿಜ. ಕರ್ನಾಟಕದ ಅತಿ ಎತ್ತರದ ಶಿಖರವಾದ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಬಳಿ ಐದನೇ ಒಂದು ಭಾಗ ಹೋಯಿತೆಂದರೂ 60 ಎಚ್‌ಪಿಗೆ ಕೊರತೆಯಿಲ್ಲ.

ಹಾಗಿದ್ದರೆ ಅಂದು ಕಾರು ಎಳೆಯಲಾರದೆ ನಿಂತದ್ದೇಕೆ? ಎಂಜಿನ್‌ನ ಶಕ್ತಿ ಅದು ತಿರುಗುವ ವೇಗವನ್ನು ಅವಲಂಬಿಸಿರುತ್ತದೆ. 80 ಎಚ್‌ಪಿಯ ಎಂಜಿನ್ 1,500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1,500 ಸುತ್ತಿನಂತೆ ತಿರುಗುವಾಗ ಕೊಡುವುದು ಹೆಚ್ಚೆಂದರೆ 18–20 ಎಚ್‌ಪಿ. ಅದರಲ್ಲಿ ಎತ್ತರದ ಪಾಲು ಕಳೆದು, ಎ.ಸಿ. ಕಂಪ್ರೆಸರ್ ತೆಗೆದುಕೊಳ್ಳುವ ಮೂರು ನಾಲ್ಕು ಎಚ್‌ಪಿಯನ್ನೂ ಕಳೆದರೆ ಉಳಿಯುವುದು ರಸ್ತೆ ಕೇಳುವುದಕ್ಕಿಂತ ಕಡಿಮೆ. ಊರೊಳಗೆ ಓಡಿಸಿ ರೂಢಿಯಾದವರು ಪೆಟ್ರೋಲ್ ಉಳಿಸುವ ಅಭ್ಯಾಸದಿಂದ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತಾರೆ, ಎಂಜಿನ್ ಸದ್ದು ಮಾಡಿದರೆ ಅದಕ್ಕೆ ತೊಂದರೆಯಾಗುತ್ತಿದೆ ಎಂದು ಭಾವಿಸುತ್ತಾರೆ. ಏರಿನಲ್ಲಿ ಎಂಜಿನ್ 3,000ದಿಂದ 3,500 ಆರ್‌ಪಿಎಂನಲ್ಲಿ ಗಟ್ಟಿಯಾಗಿ ಸದ್ದು ಮಾಡುತ್ತಾ ಎರಡನೇ ಗೇರಿನಲ್ಲಿ ಸಾಗುವುದೇ ಅದಕ್ಕೆ ಆರೋಗ್ಯಕರ. ಮೂರನೇ ಗೇರಿನಲ್ಲಿ ಗುಡುಗುಡು ಎಂದು ನಡುಗುತ್ತಾ ಎಳೆಯುವುದು ಹಾನಿಕರ. ಹೇರ್‌ಪಿನ್ ತಿರುವಿನ ಒಳಮಗ್ಗುಲಲ್ಲಿ ಅಗತ್ಯ ಬಿದ್ದರೆ ಕಾರು ಇನ್ನೂ ಉರುಳುತ್ತಿರುವಾಗಲೇ ಒಂದನೇ ಗೇರಿಗೆ ಬರಬೇಕು, ನಿಂತ ಮೇಲೆ ಅಲ್ಲ.

ಅಂದು ಬಂದ ಸುಟ್ಟ ವಾಸನೆ ಎಂಜಿನ್‌ನದಲ್ಲ, ಬಹುತೇಕ ಖಚಿತವಾಗಿ ಕ್ಲಚ್‌ನದು. ಮುಳ್ಳಯ್ಯನಗಿರಿಯ ಮೇಲ್ಭಾಗದ ರಸ್ತೆ ಕಡಿದಾಗಿಯೂ ಕಿರಿದಾಗಿಯೂ ಇದ್ದು, ರಜೆಯ ದಿನಗಳಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡಲು ಏರಿನಲ್ಲೇ ಮತ್ತೆ ಮತ್ತೆ ನಿಲ್ಲಬೇಕಾಗುತ್ತದೆ. ಆಗ ಹ್ಯಾಂಡ್‌ಬ್ರೇಕ್ ಎಳೆಯದೆ ಹಾಫ್ ಕ್ಲಚ್‌ನಲ್ಲಿ ಕಾರನ್ನು ಹಿಡಿದು ನಿಲ್ಲಿಸಿದರೆ ಕ್ಲಚ್ ಪ್ಲೇಟು ಉಜ್ಜಿ ಕೆಲವೇ ನಿಮಿಷಗಳಲ್ಲಿ ವಾಸನೆ ಬರುತ್ತದೆ. ನಮ್ಮಲ್ಲಿಗೆ 'ಗಿರಿಯಿಂದ ಬಂದ ಕಾರು, ಪಿಕಪ್ ಇಲ್ಲ' ಎಂದು ಬರುವ ವಾಹನಗಳಲ್ಲಿ ಎಂಜಿನ್ ದೋಷಕ್ಕಿಂತ ಸವೆದ ಕ್ಲಚ್ಚೇ ಹೆಚ್ಚು. ನಿಮ್ಮ ಕಾರನ್ನು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನಿಧಾನವಾಗಿ ಕ್ಲಚ್ ಬಿಡಲು ಮೆಕ್ಯಾನಿಕ್‌ಗೆ ಹೇಳಿ. ಎಂಜಿನ್ ಥಟ್ಟನೆ ಆಫ್ ಆದರೆ ಕ್ಲಚ್ ಹಿಡಿತ ಚೆನ್ನಾಗಿದೆ. ಆಫ್ ಆಗದೆ ತಿರುಗುತ್ತಲೇ ಇದ್ದರೆ ಹೊರಡುವ ಮೊದಲೇ ಕ್ಲಚ್ ಬದಲಿಸಬೇಕು.

ಎ.ಸಿ.ಯ ಬಗ್ಗೆ ಕೇಳಿದ್ದೀರಿ. ಸರಿಯಾದ ಗೇರಿನಲ್ಲಿದ್ದರೆ ಆಫ್ ಮಾಡಬೇಕಾದ ಅಗತ್ಯವಿಲ್ಲ. 3,500 ಆರ್‌ಪಿಎಂನಲ್ಲಿ 40 ಎಚ್‌ಪಿಗೂ ಹೆಚ್ಚು ಶಕ್ತಿ ಕೈಯಲ್ಲಿರುವಾಗ ನಾಲ್ಕು ಎಚ್‌ಪಿ ದೊಡ್ಡ ಮಾತಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಅನೇಕ ಕಾರುಗಳು ತಾವಾಗಿಯೇ ಕಂಪ್ರೆಸರನ್ನು ಸ್ವಲ್ಪ ಹೊತ್ತು ಬಿಡಿಸುತ್ತವೆ. ಅತ್ತೆಯವರನ್ನೂ ಮಾವನವರನ್ನೂ ಬಿಸಿಲಿನಲ್ಲಿ ಬೇಯಿಸಬೇಡಿ. ತಾಪಮಾನದ ಸೂಚಕ ಮಾಮೂಲಿಗಿಂತ ಮೇಲಕ್ಕೆ ಹೋದರೆ ಮಾತ್ರ ಎ.ಸಿ. ನಿಲ್ಲಿಸಿ. ಮುಳ್ಳಿನ ಮೀಟರ್ ಇಲ್ಲದ ಕಾರಾದರೆ ಕೆಂಪು ದೀಪವೇ ಗತಿ; ಅದು ಹತ್ತಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಬೇಕು, ಮುಂದಿನ ಊರಿನವರೆಗೆ ಓಡಿಸಬಾರದು.

ಕಾರು 'ಕಾಯುವ' ಭಯಕ್ಕೂ ಒಂದು ಹಿನ್ನೆಲೆ ಇದೆ. ಹಿಂದೆ ರೇಡಿಯೇಟರಿಗೆ ಬರೀ ನೀರು ತುಂಬಿಸುತ್ತಿದ್ದ ಕಾಲದಲ್ಲಿ ಘಾಟಿಯ ಅರ್ಧದಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು ಸಾಮಾನ್ಯ ದೃಶ್ಯವಾಗಿದ್ದವು. ಈಗಿನ ಕಾರಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಒತ್ತಡದಲ್ಲಿರುತ್ತದೆ, ಆದ್ದರಿಂದ ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕಾರು ನಿಧಾನವಾಗಿ ಹೋಗುತ್ತಿದ್ದರೂ ವಿದ್ಯುತ್ ಫ್ಯಾನ್ ತಾನೇ ತಿರುಗುತ್ತದೆ. ಈ ವ್ಯವಸ್ಥೆ ಕೈಕೊಡುವುದು ಕೂಲಂಟ್ ಸೋರಿದಾಗ, ಮುಚ್ಚಳದ ರಬ್ಬರ್ ಹೋದಾಗ, ಫ್ಯಾನ್ ತಿರುಗದಿದ್ದಾಗ ಅಥವಾ ಯಾರೋ ನಲ್ಲಿ ನೀರು ತುಂಬಿಸಿ ಒಳಗೆ ತುಕ್ಕು ಹಿಡಿದಾಗ. ಗಂಟೆಗೊಮ್ಮೆ ನಿಲ್ಲಿಸಿ ಎಂಜಿನ್ ತಣಿಸುವ ಅಗತ್ಯವಿಲ್ಲ. ಬಿಸಿಯಿರುವಾಗ ಮುಚ್ಚಳ ತೆಗೆಯುವ ಕೆಲಸವನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೆ ಚಿಮ್ಮಿ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಇಳಿಯುವ ವಿಷಯ. ಮುಳ್ಳಯ್ಯನಗಿರಿಯಿಂದ ಚಿಕ್ಕಮಗಳೂರು ಪಟ್ಟಣಕ್ಕೆ ಬರುವಷ್ಟರಲ್ಲಿ ಕಾರು ಸುಮಾರು 800 ಮೀಟರ್ ಕೆಳಗಿಳಿಯುತ್ತದೆ. 1,300 ಕೆ.ಜಿ. ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಹಂಡೆಯಷ್ಟು, ಅಂದರೆ ಸುಮಾರು 30 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಒಂದು ಪಾಲನ್ನು ಟಯರ್‌ಗಳ ಉರುಳುವಿಕೆ ಮತ್ತು ಗಾಳಿಯ ಪ್ರತಿರೋಧ ನುಂಗುತ್ತವೆ. ಉಳಿದದ್ದನ್ನು ತಡೆಯುವುದು ಎರಡೇ: ಗೇರಿನಲ್ಲಿರುವ ಎಂಜಿನ್ ಮತ್ತು ಬ್ರೇಕ್. ನ್ಯೂಟ್ರಲ್‌ಗೆ ಹಾಕಿದ ಕ್ಷಣ ಎಂಜಿನ್‌ನ ಪಾಲೂ ಬ್ರೇಕಿನ ಹೆಗಲಿಗೇ ಬೀಳುತ್ತದೆ. ಡಿಸ್ಕುಗಳು ಕಾದು, ಆ ಶಾಖ ಪ್ಯಾಡಿನ ಮೂಲಕ ಬ್ರೇಕ್ ಆಯಿಲ್‌ಗೆ ಹರಿಯುತ್ತದೆ.

ನಿಮ್ಮ ಪತ್ರದ ಆ ಸಾಲು ನನ್ನನ್ನು ಕಾಡಿದ್ದು ಇದೇ ಕಾರಣಕ್ಕೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಅದೇ ಮಾನದಂಡ ಹೇಳುವ ಮಿತಿ ಕೇವಲ 155 ಡಿಗ್ರಿ. ಡಾಟ್ 3 ಆದರೆ ಈ ಅಂಕಿಗಳು 205 ಮತ್ತು 140. ಏಳು ವರ್ಷ ಮೀರಿದ, ಮಲೆನಾಡಿನ ಅಂಚಿನ ಮಳೆಗಾಲಗಳನ್ನು ಕಂಡ ನಿಮ್ಮ ಕಾರಿನ ದ್ರವ ಎರಡನೆಯ ಗುಂಪಿಗೆ ಸೇರಿದ್ದೆಂದೇ ನಾನು ಲೆಕ್ಕ ಹಾಕುತ್ತೇನೆ. ಪೈಪಿನೊಳಗೆ ದ್ರವ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿ ಕುಗ್ಗಿ ಸುಮ್ಮನಾಗುತ್ತದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಊರೊಳಗೆ ಇದೇ ಬ್ರೇಕ್ ಏಳು ವರ್ಷ ಯಾವ ದೂರೂ ಇಲ್ಲದೆ ಕೆಲಸ ಮಾಡಿರುವುದು ಯಾವ ಭರವಸೆಯನ್ನೂ ಕೊಡುವುದಿಲ್ಲ, ಏಕೆಂದರೆ ಹಾಸನದ ಬಿ.ಎಂ. ರಸ್ತೆಯಲ್ಲಿ ಆ ದ್ರವ ಎಂದೂ ಅಷ್ಟು ಕಾದಿರುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ದ್ರವ ಇದು. ಮಟ್ಟ ಇಳಿದಾಗ ತುಂಬಿಸಿದ್ದು ಬದಲಿಸಿದಂತಾಗುವುದಿಲ್ಲ. ಮಟ್ಟ ಇಳಿದಿತ್ತೆಂದರೆ ಪ್ಯಾಡ್ ಸವೆದಿತ್ತು ಇಲ್ಲವೇ ಎಲ್ಲೋ ಸೋರಿತ್ತು ಎಂದರ್ಥ, ಅದನ್ನೂ ನೋಡಿಸಬೇಕು. ನಾಲ್ಕೂ ಚಕ್ರಗಳಿಂದ ಹಳೆಯ ದ್ರವವನ್ನು ಪೂರ್ತಿ ಹೊರಹಾಕಿ, ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ, ಆಗ ತಾನೇ ಒಡೆದ ಡಬ್ಬಿಯಿಂದ ತುಂಬಿಸುವಂತೆ ಹೇಳಿ, ಎದುರಿಗೆ ನಿಂತು ನೋಡಿ. ಅದೇ ಸಮಯದಲ್ಲಿ ಮುಂದಿನ ಪ್ಯಾಡುಗಳ ದಪ್ಪವನ್ನೂ ಹಿಂದಿನ ಡ್ರಮ್ ಬಿಚ್ಚಿಸಿ ಲೈನರನ್ನೂ ನೋಡಿಸಿ.

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಎಂಜಿನ್ ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಜೆಕ್ಟರುಗಳು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಇಟ್ಟುಕೊಳ್ಳಲು ಪೆಟ್ರೋಲ್ ಬೇಕೇ ಬೇಕು. ಹೀಗಾಗಿ ಈ ಸಲಹೆ ಉಳಿತಾಯವನ್ನೂ ಕೊಡದೆ ಅಪಾಯವನ್ನು ಮಾತ್ರ ತರುತ್ತದೆ. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನ್ನನ್ನೇ ಆಫ್ ಮಾಡಿ ಇಳಿಸುತ್ತಾರೆ. ಹಾಗೆ ಮಾಡಿದರೆ ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ.

ಆಗುಂಬೆಯಿಂದ ಸೋಮೇಶ್ವರದವರೆಗಿನ ಇಳಿಜಾರಿನಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೇಲಿನಿಂದಲೇ ಎರಡನೇ ಗೇರಿಗೆ ಹಾಕಿ, ಬೇಕಾದ ಕಡೆ ಒಂದನೇ ಗೇರಿಗೆ ಬನ್ನಿ. ಬ್ರೇಕನ್ನು ಉದ್ದಕ್ಕೂ ಹಗುರವಾಗಿ ಒತ್ತಿಹಿಡಿಯುವುದರಿಂದ ಅದು ಸದಾ ಕಾಯುತ್ತಲೇ ಇರುತ್ತದೆ. ಅದರ ಬದಲು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಕಿರಿದಾದ ಜಾಗದಲ್ಲಿ ಏರಿ ಬರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಏರುವ ಬಸ್ಸನ್ನು ನಿಲ್ಲಿಸಿದರೆ ಅದು ಮತ್ತೆ ಹೊರಡಲು ಪಡುವ ಪಾಡು ಎಂಥದ್ದೆಂದು ನಿಮ್ಮ ಕ್ಲಚ್‌ನ ಅನುಭವದಿಂದ ನಿಮಗೆ ಈಗಾಗಲೇ ಗೊತ್ತು. ಬ್ರೇಕಿನಿಂದ ವಾಸನೆ ಬಂದರೆ ಅಥವಾ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದೆ ಎನಿಸಿದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲೇ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ.

ಟಯರ್ ವಿಷಯದಲ್ಲಿ ನಿಮ್ಮಂತೆ ಕಡಿಮೆ ಓಡಿಸುವವರು ಹೆಚ್ಚು ಮೋಸ ಹೋಗುತ್ತಾರೆ. ಗ್ರಿಪ್ ಉಳಿದಿರುತ್ತದೆ, ರಬ್ಬರ್ ಮಾತ್ರ ಬಿಸಿಲಿಗೂ ಗಾಳಿಗೂ ಗಡುಸಾಗಿ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಖ್ಯೆ ಇರುತ್ತದೆ. 1418 ಎಂದಿದ್ದರೆ 2018ರ 14ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಪೂರ್ತಿ ಲೋಡಿನೊಂದಿಗೆ ಉಡುಪಿಯಿಂದ ಗೋಕರ್ಣದ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವುದು ಹಳೆಯ ಟಯರಿಗೆ ಘಾಟಿಗಿಂತ ಕಠಿಣ ಪರೀಕ್ಷೆ. ನಾಲ್ಕನ್ನೂ ಬದಲಿಸಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ಟೆಪ್ನಿಯ ವಯಸ್ಸೂ ಅಷ್ಟೇ ಎಂಬುದನ್ನು ಮರೆಯಬೇಡಿ. ಅದಕ್ಕೆ ಗಾಳಿ ತುಂಬಿಸಿ, ತಾತ್ಕಾಲಿಕವಾಗಿ ಮಾತ್ರ ಬಳಸಿ. ನೈಟ್ರೋಜನ್‌ನಿಂದ ಹಾನಿಯಿಲ್ಲ, ಆದರೆ ನಾವು ತುಂಬಿಸುವ ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇರುವುದರಿಂದ ಅದಕ್ಕಾಗಿ ಅಲೆಯಬೇಕಾಗಿಲ್ಲ. ಮುಖ್ಯವಾದದ್ದು ಒತ್ತಡ. ಚಾಲಕರ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ತುಂಬಿಸಿ. ಓಡಿ ಬಿಸಿಯಾದಾಗ ಒತ್ತಡ ಹೆಚ್ಚಿದೆ ಎಂದು ಗಾಳಿ ಬಿಡಿಸಬೇಡಿ.

ಕ್ಯಾರಿಯರ್ ಬೇಡ. ನಿಮ್ಮ ದರ್ಜೆಯ ಕಾರು ಹೊರಬಹುದಾದ ಒಟ್ಟು ಭಾರ ಸಾಮಾನ್ಯವಾಗಿ 400 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಐವರ ತೂಕವೇ ಸುಮಾರು 300 ಕೆ.ಜಿ. ಆದರೆ ಲಗೇಜಿಗೆ ಲೆಕ್ಕದ ಮೇಲೆ 100 ಕೆ.ಜಿ. ಸಿಗುತ್ತದೆ. ಆದರೆ ತೂಕ ಎಷ್ಟು ಎನ್ನುವಷ್ಟೇ ಅದು ಎಲ್ಲಿದೆ ಎನ್ನುವುದೂ ಮುಖ್ಯ. ಮಾಡಿನ ಮೇಲೆ ಇಟ್ಟ ಸೂಟ್‌ಕೇಸು ಹೇರ್‌ಪಿನ್ ತಿರುವಿನಲ್ಲಿ ಕಾರನ್ನು ಹೊರಮಗ್ಗುಲಿಗೆ ವಾಲಿಸುತ್ತದೆ, ಹೆದ್ದಾರಿಯಲ್ಲಿ ಗಾಳಿಗೆ ಅಡ್ಡ ನಿಂತು ಮೈಲೇಜ್ ತಿನ್ನುತ್ತದೆ. ಡಿಕ್ಕಿಯಲ್ಲಿ ಹಿಡಿಸುವಷ್ಟನ್ನೇ, ಗಟ್ಟಿ ಸೂಟ್‌ಕೇಸಿನ ಬದಲು ಮೆತ್ತನೆಯ ಬ್ಯಾಗುಗಳಲ್ಲಿ ತೆಗೆದುಕೊಂಡು ಹೋಗಿ. ಭಾರವಾದವು ತಳದಲ್ಲಿ, ಸೀಟಿಗೆ ಒತ್ತಿಕೊಂಡಂತೆ ಇರಲಿ. ಹಿಂದೆ ಭಾರ ಹೆಚ್ಚಾದಾಗ ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟಿಯರಿಂಗ್ ಬಲಗಡೆ 0, 1, 2, 3 ಎಂದಿರುವ ಗುಂಡಿ ಇರುವುದು ಅದನ್ನು ತಗ್ಗಿಸುವುದಕ್ಕೆ. ಹಿಂದಿನ ಸೀಟಿನ ಮೂವರೂ ಬೆಲ್ಟ್ ಹಾಕಿಕೊಳ್ಳಲಿ.

ಮೈಲೇಜ್ ಕಡಿಮೆಯಾದರೆ ಕಾರಿಗೆ ಏನೋ ಆಯಿತೆಂದು ಗಾಬರಿಯಾಗಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿರುವ ಶಕ್ತಿ ಲೀಟರಿಗೆ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ. ಲೋಡು, ಏರು ಮತ್ತು ಎ.ಸಿ. ಸೇರಿದಾಗ ಘಾಟಿಯಲ್ಲಿ ಮೈಲೇಜ್ ಬೀಳುವುದು ಸಹಜ, ಕರಾವಳಿಯ ಸಮತಟ್ಟಿನಲ್ಲಿ ಮತ್ತೆ ಏರುತ್ತದೆ. ಹಳೆಯ ಕಾರಾದ್ದರಿಂದ ಪೆಟ್ರೋಲ್ ಪೈಪಿನ ರಬ್ಬರ್ ಗಡುಸಾಗಿದೆಯೇ ಎಂದು ಒಮ್ಮೆ ನೋಡಿಸಿ, ಬ್ಯಾಟರಿಯನ್ನೂ ಪರೀಕ್ಷಿಸಲು ಹೇಳಿ.

ಈಗ ಆಯ್ಕೆಗಳಿಗೆ ಬರೋಣ. ನಿಮ್ಮ ಅಣ್ಣನವರು ಹೇಳಿದಂತೆ ದೊಡ್ಡ ಗಾಡಿ ಬಾಡಿಗೆಗೆ ಪಡೆದರೆ ಹಿರಿಯರಿಗೆ ಕಾಲು ಚಾಚಲು ಜಾಗ ಸಿಗುತ್ತದೆ, ಇದು ನಿಜವಾದ ಅನುಕೂಲ. ಆದರೆ ಬಾಡಿಗೆ ಗಾಡಿಯ ಟಯರ್ ಮತ್ತು ಬ್ರೇಕ್ ಯಾವ ಸ್ಥಿತಿಯಲ್ಲಿವೆ ಎಂಬುದು ನಿಮಗೆ ತಿಳಿಯುವುದಿಲ್ಲ, ಎಂಟು ದಿನದ ಖರ್ಚೂ ದೊಡ್ಡದು. ಚಾಲಕರಿಲ್ಲದೆ ಗಾಡಿ ಮಾತ್ರ ಪಡೆದು, ರೂಢಿಯಿಲ್ಲದ ಉದ್ದ ಅಗಲದ ವಾಹನವನ್ನು ಮೊದಲ ಬಾರಿಗೆ ಆಗುಂಬೆಯಲ್ಲಿ ತಿರುಗಿಸುವುದಕ್ಕಿಂತ ಕೈಗೆ ಪಳಗಿದ ಚಿಕ್ಕ ಕಾರೇ ಕ್ಷೇಮ. ಎರಡನೆಯದು, ನಿಮ್ಮ ಕಾರಿನಲ್ಲೇ ಹೋಗಿ, ಹಿರಿಯರಿಗೆ ಆಯಾಸವೆನಿಸಿದರೆ ಹಿಂತಿರುಗುವಾಗ ಅವರನ್ನು ಯಜಮಾನರ ಅಥವಾ ನಿಮ್ಮ ಜೊತೆಯಲ್ಲಿ ಮಂಗಳೂರಿನಿಂದ ರೈಲಿನಲ್ಲಿ ಹಾಸನಕ್ಕೆ ಕಳುಹಿಸುವುದು. ಹಾಗೆ ಮಾಡಿದರೆ ಶಿರಾಡಿ ಏರುವಾಗ ಕಾರೂ ಹಗುರವಾಗಿರುತ್ತದೆ. ಶಿರಾಡಿಯ ಕಾಂಕ್ರೀಟ್ ರಸ್ತೆಯ ಏರು ನಿಮ್ಮ ಎಂಜಿನ್‌ಗೆ ಕಷ್ಟವಲ್ಲ. ಅಲ್ಲಿನ ಅಪಾಯ ನಿಧಾನವಾಗಿ ಏರುವ ಲಾರಿ, ಟ್ಯಾಂಕರ್‌ಗಳ ಸಾಲನ್ನು ಹಿಂದಿಕ್ಕುವ ಅವಸರ. ಪೂರ್ತಿ ಲೋಡಾದ ಚಿಕ್ಕ ಕಾರು ಏರಿನಲ್ಲಿ ವೇಗ ಹೆಚ್ಚಿಸಿಕೊಳ್ಳಲು ನೀವು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮುಂದಿನ ರಸ್ತೆ ಉದ್ದಕ್ಕೂ ಕಾಣದಿದ್ದರೆ ಲಾರಿಯ ಹಿಂದೆಯೇ ಇರಿ. ಹಗಲಿನಲ್ಲೇ ಘಾಟಿ ದಾಟುವಂತೆ ಮಂಗಳೂರನ್ನು ಬೆಳಿಗ್ಗೆ ಬಿಡಿ.

ಮುಳ್ಳಯ್ಯನಗಿರಿಗೆ ಮಾತ್ರ ಸ್ಥಳೀಯ ಜೀಪಿನಲ್ಲಿ ಹೋಗಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಕಾರು ಹತ್ತಲಾರದು ಎಂದಲ್ಲ. ರಜೆಯ ದಟ್ಟಣೆಯಲ್ಲಿ ಪ್ರವಾಸದ ಆರಂಭದಲ್ಲೇ ಕ್ಲಚ್‌ಗೆ ಪೆಟ್ಟು ಮಾಡಿಕೊಂಡರೆ ಉಳಿದ ದಿನಗಳೆಲ್ಲ ಆತಂಕದಲ್ಲೇ ಕಳೆಯಬೇಕಾಗುತ್ತದೆ. ಗಿರಿಪ್ರದೇಶಕ್ಕೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ಜಾರಿಗೆ ತಂದಿದೆ, ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಹಾಕುವುದೂ ಉಂಟು. ದಿನ ಗೊತ್ತುಮಾಡುವ ಮೊದಲು ವಿಚಾರಿಸಿಕೊಳ್ಳಿ.

ಬ್ರೇಕ್, ಟಯರ್, ಕ್ಲಚ್ ಕೆಲಸಗಳನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮೊದಲೇ ಮುಗಿಸಿ. ನಂತರ ಒಂದು ಭಾನುವಾರ ಐವರೂ ಕುಳಿತು, ಒಯ್ಯಬೇಕೆಂದಿರುವ ಲಗೇಜನ್ನೂ ತುಂಬಿಕೊಂಡು, 40 ಕಿ.ಮೀ. ದೂರದ ಸಕಲೇಶಪುರಕ್ಕೆ ಹೋಗಿ ಬನ್ನಿ. ಮನೆಗೆ ಬಂದ ಕೂಡಲೇ ನಾಲ್ಕೂ ಚಕ್ರಗಳ ಬಳಿ ಕೈಯೊಡ್ಡಿ, ಮುಟ್ಟದೆಯೇ ಶಾಖ ನೋಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಳ್ಳುತ್ತಿದೆ ಎಂದರ್ಥ. ಮಾರನೆಯ ಬೆಳಿಗ್ಗೆ ಕೂಲಂಟ್ ಮತ್ತು ಬ್ರೇಕ್ ಆಯಿಲ್ ಮಟ್ಟ ಗೆರೆಯಿಂದ ಇಳಿದಿದೆಯೇ, ಕಾರಿನ ಕೆಳಗೆ ಹನಿ ಬಿದ್ದಿದೆಯೇ ನೋಡಿ, ಏನಾದರೂ ಕಂಡರೆ ಮೆಕ್ಯಾನಿಕ್ ಬಳಿ ಹಿಂತಿರುಗಲು ನಿಮಗೆ ಇನ್ನೂ ಸಮಯವಿರುತ್ತದೆ.